ಟಿವಿ ಗೇಮಿನ ಪೀಂ ಪೀಂ ರಾಗ ಆರ್ಕೆಸ್ಟ್ರಾ ವೇದಿಕೆ ಹತ್ತಿದ ಕಥೆ

2021ರ ಜುಲೈ 23. ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯ ದಿನ. ನಮ್ಮಲ್ಲಿ ಆಗ ಸಂಜೆ ನಾಲ್ಕೂವರೆ. ಕೊರೊನಾ ಎರಡನೇ ಅಲೆ ಆಗಷ್ಟೇ ಇಳಿದಿತ್ತು, ಸುದ್ದಿಗೆ ಅಂತ ಓಡಾಡುವ ಕೆಲಸವೂ ಕಡಿಮೆ ಇತ್ತು. ಮನೆಯವರ ಜೊತೆ ನಾನೂ ಟಿವಿ ಮುಂದೆ ಕೂತಿದ್ದೆ. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ನೋಡುವ ಜನರೇ ಇಲ್ಲ. ಖಾಲಿ ಕುರ್ಚಿಗಳ ನಡುವೆ ಒಂದೊಂದೇ ದೇಶದ ಆಟಗಾರರು ಬಾವುಟ ಹಿಡಿದು ಬರತೊಡಗಿದರು. ಹಿನ್ನೆಲೆಯಲ್ಲಿ ಕಹಳೆ, ಪಿಟೀಲು, ನಗಾರಿ ಎಲ್ಲ ಸೇರಿದ ಗಂಭೀರ ಸಂಗೀತ. ದಸರಾ ಮೆರವಣಿಗೆಗೆ ಹಾಕಿದರೂ ಒಪ್ಪುವಂಥದ್ದು. ಮೇರಿ ಕೋಮ್, ಮನ್‌ಪ್ರೀತ್ ಸಿಂಗ್ ನಮ್ಮ ಬಾವುಟ ಹಿಡಿದು ಬಂದಾಗ ಅಮ್ಮ ಚಪ್ಪಾಳೆ ತಟ್ಟಿದರು.

ಮರುದಿನ ಸುದ್ದಿ ಓದುವಾಗ ಗೊತ್ತಾಯಿತು: ಆ ಮೆರವಣಿಗೆಗೆ ಹಾಕಿದ್ದು ವಿಡಿಯೋ ಗೇಮ್‌ಗಳ ಸಂಗೀತ. ಮೊದಲಿಗೆ ಗ್ರೀಸ್ ದೇಶದವರು ಒಳಗೆ ಬಂದಾಗ ಮೊಳಗಿದ್ದು 'ಡ್ರಾಗನ್ ಕ್ವೆಸ್ಟ್' ಎಂಬ 1986ರ ಆಟದ ಆರಂಭದ ರಾಗ. ಮಕ್ಕಳು ಟಿವಿಗೆ ವೈರು ಚುಚ್ಚಿ ಆಡುತ್ತಿದ್ದ ಆಟ ಅದು. ಅದರ ಪೀಂ ಪೀಂ ಸದ್ದನ್ನು ಒಂದು ದೇಶ ತನ್ನ ಮರ್ಯಾದೆಯ ಸಂಗೀತ ಅಂತ ಇಡೀ ಜಗತ್ತಿನ ಮುಂದೆ ಹಾಕಿತ್ತು. ನಮ್ಮ ಮನೆಯಲ್ಲಿ ಅದೇ ಸದ್ದಿಗೆ ಏಟು ಬೀಳುತ್ತಿದ್ದವು. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಜಾತ್ರೆಯ ರಸಮಂಜರಿ. ಒಂದು ಕೀಬೋರ್ಡು, ಒಂದು ರಿದಂ ಪ್ಯಾಡು, ಇಬ್ಬರು ಗಾಯಕರು, ರಾಜ್‌ಕುಮಾರ್ ದನಿಯಲ್ಲಿ ಹಾಡುವ ಒಬ್ಬರು, ಮಧ್ಯದಲ್ಲಿ ಮಿಮಿಕ್ರಿ. ನಾನು ಇಲ್ಲಿ ಹೇಳುತ್ತಿರುವ ಆರ್ಕೆಸ್ಟ್ರಾ ಬೇರೆ. ಅರವತ್ತು, ಎಪ್ಪತ್ತು, ಕೆಲವೊಮ್ಮೆ ನೂರು ಜನ ಸಾಲಾಗಿ ಕೂತು ಪಿಟೀಲು, ಕೊಳಲು, ಕಹಳೆ, ನಗಾರಿ ನುಡಿಸುತ್ತಾರೆ. ಎದುರಿಗೆ ಒಬ್ಬರು ಕೋಲು ಹಿಡಿದು ನಡೆಸುತ್ತಾರೆ. ಮೈಕು, ಕರೆಂಟು ಇಲ್ಲದೆಯೂ ಸಭಾಂಗಣದ ಕೊನೆಯ ಸಾಲಿಗೆ ಕೇಳುತ್ತದೆ. ಯುರೋಪಿನಲ್ಲಿ ಹುಟ್ಟಿದ ಪದ್ಧತಿ. ಆದರೆ ರಸಮಂಜರಿಯನ್ನು ಪೂರ್ತಿ ಮರೆಯಬೇಡಿ, ಅದು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಈಗ ಆ ಪೀಂ ಪೀಂ ಎಲ್ಲಿಂದ ಬಂತು ನೋಡೋಣ. 1978ರಲ್ಲಿ ಜಪಾನಿನ ಟೈಟೊ ಕಂಪನಿ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟ ತಂದಿತು. ಮೇಲಿನಿಂದ ಸಾಲುಸಾಲಾಗಿ ಇಳಿದು ಬರುವ ಅನ್ಯಲೋಕದ ಜೀವಿಗಳನ್ನು ಕೆಳಗಿನಿಂದ ಹೊಡೆಯುವುದು. ಅದರಲ್ಲಿ ಸಂಗೀತ ಅಂತ ಇದ್ದದ್ದು ನಾಲ್ಕೇ ಸ್ವರ. ಡುಂ ಡುಂ ಡುಂ ಡುಂ ಅಂತ ಇಳಿಯುತ್ತ ಮತ್ತೆ ಮತ್ತೆ ಸುತ್ತುತ್ತಿತ್ತು. ಶತ್ರು ಹತ್ತಿರವಾದಂತೆ ಅದರ ವೇಗವೂ ಏರುತ್ತಿತ್ತು. ಆಡುವವನ ಎದೆಬಡಿತವೂ ಜೊತೆಗೇ ಏರುತ್ತಿತ್ತು. ಸಂಗೀತ ಆಟದ ಒಳಗೇ ಸೇರಿಕೊಂಡದ್ದು ಹೀಗೆ.

1983ರಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ 'ಫ್ಯಾಮಿಕಾಂ' ಎಂಬ ಪೆಟ್ಟಿಗೆ ಬಿಟ್ಟಿತು. ನೀವು ಮೂವತ್ತು ದಾಟಿದವರಾದರೆ ಈ ಪೆಟ್ಟಿಗೆಯನ್ನು ಬೇರೆ ಹೆಸರಲ್ಲಿ ನೋಡಿರುತ್ತೀರಿ. ನಮ್ಮ ದೇಶಕ್ಕೆ ಅದರ ನಕಲುಗಳು 'ಮೀಡಿಯಾ', 'ಲಿಟಲ್ ಮಾಸ್ಟರ್' ಅಂತೆಲ್ಲ ಹೆಸರು ಹೊತ್ತು ಬಂದವು. ನಾವು ಸುಮ್ಮನೆ 'ಟಿವಿ ಗೇಮ್' ಅನ್ನುತ್ತಿದ್ದೆವು. ದೊಡ್ಡಪ್ಪನ ಮನೆಗೆ ಅದು ಬೆಂಗಳೂರಿನಿಂದ ಬಂದಿತ್ತು. ಹಳದಿ ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿತ್ತು. ಎಣಿಸಿದರೆ ಹತ್ತು ಹನ್ನೆರಡು, ಉಳಿದದ್ದೆಲ್ಲ ಅವೇ ಬೇರೆ ಹೆಸರಲ್ಲಿ. ಆಟ ನಿಂತರೆ ಕ್ಯಾಸೆಟ್ ತೆಗೆದು ಬಾಯಿಂದ ಊದಿ ಮತ್ತೆ ತುರುಕುವುದು. ದೊಡ್ಡಪ್ಪನ ಮಗ, ನಮ್ಮಣ್ಣ, ಊದುವುದರಲ್ಲಿ ಎಕ್ಸ್‌ಪರ್ಟು. ಬೇಸಿಗೆ ರಜೆಯಲ್ಲಿ ಕರೆಂಟು ಇದ್ದಷ್ಟು ಹೊತ್ತೂ ಮಾರಿಯೊ, ಕಾಂಟ್ರಾ.

ಆ ಪೆಟ್ಟಿಗೆಯೊಳಗಿನ ಚಿಪ್‌ಗೆ ಐದು ದನಿಗಳಷ್ಟೇ ಇದ್ದವು. ಎರಡು ದನಿ ಗೀಳಿಟ್ಟಂತೆ ಚೂಪು. ರಾಗ ಹಾಡುವುದು ಇವೇ. ಒಂದು ದನಿ ಕೆಳಗಿನ ಮಂದ್ರಕ್ಕೆ. ಒಂದು ಬರೀ ಗರಗರ ಸದ್ದು, ತಾಳಕ್ಕೆ ಅದೇ ಡೋಲು. ಐದನೆಯದು ಮೊದಲೇ ರೆಕಾರ್ಡ್ ಮಾಡಿದ ಚೂರುಪಾರು ಸದ್ದುಗಳಿಗೆ. ನಕಲು ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಆ ಚೂಪು ದನಿಯೂ ಅಸಲಿನಂತೆ ಇರುತ್ತಿರಲಿಲ್ಲ. ಜಪಾನಿನ ಹುಡುಗ ಕೇಳಿದ ಮಾರಿಯೊ ರಾಗಕ್ಕೂ ನಾವು ಕೇಳಿದ್ದಕ್ಕೂ ಒಂಚೂರು ವ್ಯತ್ಯಾಸ ಇದ್ದಿರಲೂಬಹುದು. ಇನ್ನು ಜಾಗ? 'ಸೂಪರ್ ಮಾರಿಯೊ ಬ್ರದರ್ಸ್' ಆಟ ಪೂರ್ತಿಯಾಗಿ, ಚಿತ್ರ, ಆಟ, ಸಂಗೀತ ಎಲ್ಲ ಸೇರಿ, 40 ಕಿಲೋಬೈಟ್. ನಿಮ್ಮ ವಾಟ್ಸ್‌ಆ್ಯಪ್‌ಗೆ ದಿನಾ ಬರುವ ಗುಡ್ ಮಾರ್ನಿಂಗ್ ಫೋಟೊ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು.

ಇನ್ನೊಂದು ಸಂಗತಿ ನನಗೆ ಇದನ್ನು ಓದುವವರೆಗೂ ತಲೆಗೆ ಹೊಳೆದಿರಲಿಲ್ಲ. ಆಟದ ಸದ್ದುಗಳೂ ಅದೇ ದನಿಗಳಲ್ಲೇ ಬರಬೇಕು. ಮಾರಿಯೊ ಹಾರಿದರೆ, ನಾಣ್ಯ ಸಿಕ್ಕರೆ, ಆ ಕ್ಷಣಕ್ಕೆ ರಾಗದ ಒಂದು ದನಿಯನ್ನು ನಿಲ್ಲಿಸಿ ಆ ಜಾಗದಲ್ಲಿ ಹಾರುವ ಸದ್ದು ಹಾಕುತ್ತಿದ್ದರು. ಅಂದರೆ ಆಡುತ್ತ ಆಡುತ್ತ ನಾವು ಆ ರಾಗವನ್ನು ಇಡಿಯಾಗಿ ಕೇಳಿದ್ದೇ ಅಪರೂಪ. ನಾವು ಕೇಳಿದ್ದು ತೂತು ಬಿದ್ದ ರಾಗ, ತೂತು ಕೊರೆದವರೂ ನಾವೇ.

ಇಷ್ಟೇ ಜಾಗ, ಇಷ್ಟೇ ದನಿ. ರಾಗ ಬರೆಯುವವರು ಏನು ಮಾಡಬೇಕು? ಅಲಂಕಾರಕ್ಕೆ ಅವಕಾಶವಿಲ್ಲ. ಒಂದು ನಿಮಿಷದ ರಾಗ, ಅದು ಮುಗಿದು ಮತ್ತೆ ಮೊದಲಿಂದ. ಒಂದೇ ಹಂತದಲ್ಲಿ ಸಿಕ್ಕಿಬಿದ್ದ ಹುಡುಗ ಅದನ್ನು ಒಂದೇ ಮಧ್ಯಾಹ್ನ ನೂರು ಸಲ ಕೇಳುತ್ತಾನೆ. ನೂರನೇ ಸಲವೂ ಬೇಸರ ಬರಬಾರದು. ಹಾಗಾಗಿ ರಾಗದ ಎಲುಬು ಗಟ್ಟಿ ಇರಲೇಬೇಕಿತ್ತು. ಮುಂದೆ ಎಪ್ಪತ್ತು ಜನರ ಆರ್ಕೆಸ್ಟ್ರಾ ಅದೇ ರಾಗ ನುಡಿಸಿದಾಗ ಅದು ಕುಸಿಯದೆ ನಿಂತದ್ದಕ್ಕೆ ಇದೇ ಕಾರಣ ಅಂತ ನನಗನಿಸುತ್ತದೆ.

ಡ್ರಾಗನ್ ಕ್ವೆಸ್ಟ್‌ಗೆ ಸಂಗೀತ ಬರೆದವರು ಕೊಯಿಚಿ ಸುಗಿಯಾಮ. 1931ರಲ್ಲಿ ಹುಟ್ಟಿದವರು. ಆಟ ಬಿಡುಗಡೆಯಾದಾಗ 55 ವರ್ಷ. ಅದಾಗಲೇ ಹೆಸರು ಮಾಡಿದ್ದ ಮನುಷ್ಯ: ಫ್ಯೂಜಿ ಟಿವಿಯಲ್ಲಿ ಸಂಗೀತ ಕಾರ್ಯಕ್ರಮ ಮಾಡಿಸಿದವರು, ಜಪಾನಿನ ಜನಪ್ರಿಯ ಹಾಡುಗಳಿಗೆ ರಾಗ ಹಾಕಿದವರು. ಆಟಗಳ ಹುಚ್ಚು ಇತ್ತು. ಕಂಪ್ಯೂಟರಿನಲ್ಲಿ ಆಡುವ ಶೋಗಿ (ಅವರ ಕಡೆಯ ಚದುರಂಗ) ಕೊಂಡಿದ್ದರು. ಪೊಟ್ಟಣದ ಜೊತೆ ಗಿರಾಕಿಗಳ ಅಭಿಪ್ರಾಯ ಕೇಳುವ ಕಾರ್ಡು ಇತ್ತು. ಅದನ್ನು ತುಂಬಿದರು, ಕಾರ್ಡು ಎನಿಕ್ಸ್ ಕಂಪನಿ ತಲುಪಿತು. ಅಲ್ಲಿನವರು ಹೆಸರು ನೋಡಿ ಬೆರಗಾದರು. ಅದೇ ಸುಗಿಯಾಮರಾ ಅಂತ ವಿಚಾರಿಸಿ, ನಮ್ಮ ಆಟಕ್ಕೆ ಸಂಗೀತ ಮಾಡಿಕೊಡುತ್ತೀರಾ ಅಂತ ಕೇಳಿದರು. ಒಂದು ಕಾರ್ಡು ಹಾಕಿದ್ದರಿಂದ ಇಷ್ಟೆಲ್ಲ!

ಡ್ರಾಗನ್ ಕ್ವೆಸ್ಟ್ ಗುಂಡು ಹಾರಿಸುವ ಆಟವಲ್ಲ. ಊರೂರು ಅಲೆಯುವುದು, ಜನರನ್ನು ಮಾತಾಡಿಸುವುದು, ಅರಮನೆಗೆ ಹೋಗುವುದು, ಕಾಡಲ್ಲಿ ರಾಕ್ಷಸರು ಸಿಕ್ಕರೆ ಕಾದಾಡುವುದು. ವಾರಗಟ್ಟಲೆ ಮುಗಿಯದು. ಸುಗಿಯಾಮ ಅರಮನೆಗೆ ಬಾಖ್ ಕಾಲದ ಯುರೋಪಿನ ಆಸ್ಥಾನ ಸಂಗೀತದಂಥದ್ದು ಬರೆದರು, ಊರಿಗೆ ಹಗುರಾದದ್ದು, ಬಯಲಲ್ಲಿ ಒಂಟಿಯಾಗಿ ನಡೆಯುವಾಗ ಕೊಂಚ ಬಿಕ್ಕುವಂಥದ್ದು. ಚಿಪ್‌ಗೆ ಬರೆದರೂ ಅವರ ತಲೆಯಲ್ಲಿ ಓಡುತ್ತಿದ್ದದ್ದು ಪಿಟೀಲುಗಳೇ ಇರಬೇಕು. ಯಾಕೆಂದರೆ ಅದೇ ವರ್ಷ ಆ ರಾಗಗಳನ್ನು ತಂತಿವಾದ್ಯಗಳಲ್ಲಿ ನುಡಿಸಿದ ಧ್ವನಿಮುದ್ರಿಕೆಯೂ ಬಂತು.

ಮರುವರ್ಷ, 1987ರ ಆಗಸ್ಟ್ 20ರಂದು, ಟೋಕಿಯೊದ ಸನ್‌ಟೋರಿ ಹಾಲ್‌ನಲ್ಲಿ ಕಛೇರಿ ನಡೆಯಿತು. ಎರಡು ಸಾವಿರ ಜನ ಕೂರುವ ಸಭಾಂಗಣ, ಕಟ್ಟಿ ವರ್ಷವೂ ತುಂಬಿರಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆಂದೇ ಕಟ್ಟಿದ ಜಾಗ. ಅಲ್ಲಿ ಡ್ರಾಗನ್ ಕ್ವೆಸ್ಟ್ ನುಡಿಸಿದರು. ಕಾರ್ಯಕ್ರಮದ ಹೆಸರು 'ಫ್ಯಾಮಿಲಿ ಕ್ಲಾಸಿಕ್ ಕನ್ಸರ್ಟ್'. ಹೆಸರಿನಲ್ಲೇ ಉದ್ದೇಶ ಇದೆ. ಮಕ್ಕಳು ಅಪ್ಪ ಅಮ್ಮನ ಜೊತೆ ಬರಲಿ, ಗೊತ್ತಿರುವ ರಾಗದ ಕೈಹಿಡಿದು ಗೊತ್ತಿಲ್ಲದ ವಾದ್ಯಗಳ ಹತ್ತಿರ ಹೋಗಲಿ ಅಂತ. ಅಲ್ಲಿ ಕೂತ ಹುಡುಗನನ್ನು ಊಹಿಸಿಕೊಳ್ಳಿ. ಮನೆಯ ಮೂಲೆಯ ಟಿವಿಯಲ್ಲಿ ಕೀಚು ಕೀಚು ಅನ್ನುತ್ತಿದ್ದ ರಾಗ ಇಲ್ಲಿ ಮರದ ವಾದ್ಯಗಳಿಂದ, ಮನುಷ್ಯರ ಕೈಯಿಂದ, ಉಸಿರಿನಿಂದ ಬರುತ್ತಿದೆ. ನಡುವೆ ಕತ್ತಿಯ ಸದ್ದಿಲ್ಲ, ಬಾಗಿಲು ತೆರೆಯುವ ಸದ್ದಿಲ್ಲ. ಮೊದಲ ಸಲ ಪೂರ್ತಿ ಕೇಳುತ್ತಿದೆ.

ಮೂರನೇ ಡ್ರಾಗನ್ ಕ್ವೆಸ್ಟ್ 1988ರ ಫೆಬ್ರುವರಿಯಲ್ಲಿ ಬಂದಾಗ ಅಂಗಡಿಗಳ ಮುಂದೆ ಸಾಲು. ಶಾಲೆ ತಪ್ಪಿಸಿ ಬಂದ ಮಕ್ಕಳನ್ನು ಪೊಲೀಸರು ಹಿಡಿಯಬೇಕಾಯಿತು. ಬೈಯುವ ದೊಡ್ಡವರು ಅಲ್ಲೂ ಇದ್ದರು ಅನ್ನುವುದು ಒಂದು ಸಮಾಧಾನ. 1991ರಿಂದ ಬೇರೆ ಬೇರೆ ಕಂಪನಿಗಳ ಆಟಗಳ ಸಂಗೀತ ಸೇರಿಸಿ ಟೋಕಿಯೊದಲ್ಲಿ ಕಛೇರಿಗಳು ನಡೆದವು.

ಆದರೆ ರಾಗ ಬರೆದ ಎಲ್ಲರಿಗೂ ಸುಗಿಯಾಮರಂತೆ ಹೆಸರು ಸಿಗಲಿಲ್ಲ. ಆ ಕಾಲದ ಕಂಪನಿಗಳು ಕೆಲಸಗಾರರ ಅಸಲಿ ಹೆಸರನ್ನು ಆಟದಲ್ಲಿ ಹಾಕುತ್ತಿದ್ದದ್ದು ಕಡಿಮೆ. 'ಸ್ಟ್ರೀಟ್ ಫೈಟರ್ 2' ಆಟದ ರಾಗಗಳಲ್ಲಿ ಹೆಚ್ಚಿನವನ್ನು ಬರೆದದ್ದು ಯೊಕೊ ಶಿಮೊಮುರ ಎಂಬ ಹೆಣ್ಣುಮಗಳು. ಆಟದಲ್ಲಿ ಇದ್ದದ್ದು 'ಶಿಮೊ-ಪಿ' ಅಂತ. ನಮ್ಮ ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಸಂಗೀತಗಾರರೆಲ್ಲ ಸೇರಿ ಒಂದೇ ಹೆಸರು: ಕೊನಾಮಿ ಕುಕೇಹ ಕ್ಲಬ್. ಕುಕೇಹ ಅಂದರೆ ಚೌಕಾಕಾರದ ಅಲೆ, ಅಂದರೆ ಚಿಪ್‌ನ ಆ ಚೂಪು ದನಿ. ಜಿಲ್ಲಾ ಸುದ್ದಿಗೆ 'ನಮ್ಮ ಪ್ರತಿನಿಧಿಯಿಂದ' ಅಂತ ಮಾತ್ರ ಹಾಕಿಸಿಕೊಂಡ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 2021ರ ಒಲಿಂಪಿಕ್ಸ್ ಮೆರವಣಿಗೆಯಲ್ಲಿ ಶಿಮೊಮುರ ಬರೆದ ರಾಗಗಳೂ ಇದ್ದವು.

ಇನ್ನೊಬ್ಬರು ನೊಬುವೊ ಉಎಮಾತ್ಸು. ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಪಿಯಾನೊ ತಾವೇ ಕಲಿತವರು. ಹಾಡಿನ ಡಿಸ್ಕ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಸ್ಕ್ವೇರ್ ಕಂಪನಿಯವರ ಪರಿಚಯವಾಯಿತು. 1987ರ ಡಿಸೆಂಬರಿನಲ್ಲಿ ಬಂದ 'ಫೈನಲ್ ಫ್ಯಾಂಟಸಿ'ಗೆ ಅವರದೇ ಸಂಗೀತ. ಹತ್ತು ವರ್ಷದ ನಂತರ ಏಳನೇ ಆಟದಲ್ಲಿ ಏರಿತ್ ಎಂಬ ಹುಡುಗಿ ನಡುಗಥೆಯಲ್ಲೇ ಸಾಯುತ್ತಾಳೆ. ಹತ್ತಾರು ಗಂಟೆ ಅವಳನ್ನು ಜೊತೆಯಲ್ಲಿ ಕರೆದುಕೊಂಡು ಅಲೆದವರು ಆಡುವವರೇ. ಅವಳು ಸತ್ತಾಗ ಬರುವ ಮೆಲುವಾದ ರಾಗಕ್ಕೆ ಆಟಗಾರರು ಅತ್ತರು. ಇವತ್ತಿಗೂ ಕಛೇರಿಯಲ್ಲಿ ಆ ರಾಗ ಶುರುವಾದರೆ ನಲವತ್ತು ದಾಟಿದವರು ಕಣ್ಣೊರೆಸಿಕೊಳ್ಳುತ್ತಾರೆ.

ಸಿನಿಮಾ ಹಾಡಿಗೂ ಜನ ಅಳುತ್ತಾರಲ್ಲ, ಇದರಲ್ಲಿ ಬೇರೆ ಏನಿದೆ ಅಂತ ಕೇಳಬಹುದು. ಇದೆ. ಸಿನಿಮಾದಲ್ಲಿ ನಾವು ನೋಡುತ್ತೇವೆ. ನಾವು ಎದ್ದು ಹೋದರೂ ಹಾಡು ನಡೆಯುತ್ತದೆ. ಆಟದಲ್ಲಿ ರಾಗ ನಮ್ಮ ಕೈಯಲ್ಲಿದೆ. ಮಾರಿಯೊ ಸತ್ತರೆ ರಾಗವೂ ನಿಲ್ಲುತ್ತದೆ. ಸಮಯ ನೂರಕ್ಕೆ ಇಳಿದರೆ ರಾಗ ಓಡತೊಡಗುತ್ತದೆ. ನಾವು ಗೆದ್ದರೆ ಮಾತ್ರ ಮುಂದಿನ ರಾಗ ಕೇಳಲು ಸಿಗುತ್ತದೆ. ಅಂದರೆ ಎಷ್ಟೋ ರಾಗಗಳನ್ನು ಆಡಿದವರು ದುಡಿದು ಪಡೆದಿದ್ದಾರೆ.

ಇನ್ನೊಂದು, ಆಟ ಒಂಟಿತನದ್ದು. ಪ್ರತಿಯೊಬ್ಬರೂ ಅವರವರ ಮನೆಯ ಮೂಲೆಯಲ್ಲಿ, ಬೈಗುಳದ ನಡುವೆ, ಕದ್ದು ಮುಚ್ಚಿ ಆಡಿದವರು. ಅದೇ ಕದ್ದ ಮಧ್ಯಾಹ್ನಗಳು ಎರಡು ಸಾವಿರ ಜನಕ್ಕೂ ಇದ್ದವು ಅಂತ ಗೊತ್ತಾಗುವುದು ಕಛೇರಿಯಲ್ಲಿ. ರಸಮಂಜರಿಯ ಮಾತು ಇಲ್ಲಿ ಬರುತ್ತದೆ. ಹಾಡು ಎಲ್ಲರ ಫೋನಿನಲ್ಲೂ ಇರುವಾಗ ಜಾತ್ರೆಯಲ್ಲಿ ಚಳಿಗೆ ಕಂಬಳಿ ಹೊದ್ದು ಜನ ಯಾಕೆ ಕೂರುತ್ತಾರೆ? ಮೊದಲ ಸ್ವರ ಬಿದ್ದ ತಕ್ಷಣ ಶಿಳ್ಳೆ ಹಾಕುವುದಕ್ಕೆ. ಪಕ್ಕದವನೂ ಅದೇ ಹೊತ್ತಿಗೆ ಹಾಕುತ್ತಾನಲ್ಲ, ಅದಕ್ಕೆ.

ಜಪಾನಿನ ಆಚೆಗೆ ಈ ಬಗೆಯ ಕಛೇರಿ ಹೋದದ್ದು ತಡವಾಗಿ. ಯುರೋಪಿನಲ್ಲಿ ಮೊದಲನೆಯದು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ, 2003ರ ಆಗಸ್ಟ್ 20ರಂದು ನಡೆಯಿತು. ಸನ್‌ಟೋರಿ ಹಾಲ್ ಕಛೇರಿಗೆ ಸರಿಯಾಗಿ ಹದಿನಾರು ವರ್ಷ, ಅದೇ ತಾರೀಖು. ಥಾಮಸ್ ಬೋಕರ್ ಎಂಬ ಇನ್ನೂ ಮೂವತ್ತಾಗದ ತರುಣ ಅದರ ಹಿಂದೆ ಇದ್ದ. ನಗರದಲ್ಲಿ ಆಟಗಳ ವ್ಯಾಪಾರ ಮೇಳ ನಡೆಯುತ್ತಿತ್ತು, ಅದರ ಉದ್ಘಾಟನೆಗೆ ಈ ಕಛೇರಿ. ನುಡಿಸಿದವರು ಝೆಕ್ ನ್ಯಾಷನಲ್ ಸಿಂಫನಿ ಆರ್ಕೆಸ್ಟ್ರಾ. ಜಾಗ ಗೆವಾಂಡ್‌ಹೌಸ್.

ಈ ಗೆವಾಂಡ್‌ಹೌಸ್ ಹೆಸರಿನ ಮೇಲೆ ಸ್ವಲ್ಪ ನಿಲ್ಲಬೇಕು. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಬಟ್ಟೆ ಮಳಿಗೆ. ಲೈಪ್‌ಜಿಗ್‌ನ ಆರ್ಕೆಸ್ಟ್ರಾ ಶುರುವಾದದ್ದು 1743ರಲ್ಲಿ, ರಾಜನ ಆಸ್ಥಾನದಲ್ಲಲ್ಲ, ಊರಿನ ವ್ಯಾಪಾರಿಗಳು ಹಣ ಹಾಕಿ. 1781ರಲ್ಲಿ ಬಟ್ಟೆ ವ್ಯಾಪಾರಿಗಳ ಕಟ್ಟಡದಲ್ಲಿ ಅದಕ್ಕೊಂದು ಸಭಾಂಗಣ ಸಿಕ್ಕಿತು, ಹೆಸರು ಹಾಗೇ ಉಳಿಯಿತು. ಈಗಿನ ಕಟ್ಟಡ 1981ರದ್ದು. ಇದನ್ನು ಯಾಕೆ ಹೇಳಿದೆ ಅಂದರೆ, ವಿಡಿಯೋ ಗೇಮ್ ಎಂಬ ಬಜಾರಿನ ಸರಕು ಪವಿತ್ರ ಸಂಗೀತದ ಗುಡಿಗೆ ನುಗ್ಗಿತು ಅಂತ ಆಗ ಮೂಗು ಮುರಿದವರು ಇದ್ದರು. ಆ ಗುಡಿಯ ಹೆಸರೇ ಬಜಾರಿನದು.

ನೂರು ಜನ ವಾದಕರಿಗೆ ಸಂಬಳ ಕೊಡಲು ಯಾವಾಗಲೂ ಯಾರಾದರೂ ಒಬ್ಬ ಸಾಹುಕಾರ ಬೇಕು. ಒಮ್ಮೆ ಆ ಸಾಲಿನಲ್ಲಿ ನಮ್ಮ ಮೈಸೂರಿನವರೂ ನಿಂತಿದ್ದರು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಜಯಚಾಮರಾಜ ಒಡೆಯರ್ ಹಣದ ನೆರವು ನೀಡಿದ್ದರು, ಅದರ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಆಗಿದ್ದರು. ರಾಜರ ಕಾಲ ಹೋಯಿತು. ಸರ್ಕಾರಗಳ ಅನುದಾನ ಎಲ್ಲ ಕಡೆ ಸಾಲುವುದಿಲ್ಲ. 2011ರಲ್ಲಿ ಅಮೆರಿಕದ ಹೆಸರಾಂತ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ದಿವಾಳಿ ಅರ್ಜಿ ಹಾಕಿತು. ಕೇಳುಗರಿಗೆ ವಯಸ್ಸಾಗುತ್ತಿತ್ತು, ಹೊಸಬರು ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಟಿಕೆಟ್ ಕೊಳ್ಳಲು ನಿಂತವರು ಟಿವಿ ಗೇಮ್ ಆಡಿ ಬೆಳೆದ ಮಕ್ಕಳು. ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ 2004ರ ಮೇ ತಿಂಗಳಲ್ಲಿ ಉಎಮಾತ್ಸು ಸಂಗೀತ ನುಡಿಸಿದಾಗ ಟಿಕೆಟ್‌ಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. 2005ರಲ್ಲಿ ಅದೇ ಊರಿನ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ 'ವಿಡಿಯೋ ಗೇಮ್ಸ್ ಲೈವ್'ಗೆ ಸಾವಿರಾರು ಜನ ಸೇರಿದರು. 2022ರ ಆಗಸ್ಟ್ 1ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವವೇ ಒಂದು ಸಂಜೆಯನ್ನು ಗೇಮ್ ಸಂಗೀತಕ್ಕೆ ಬಿಟ್ಟುಕೊಟ್ಟಿತು. 1895ರಿಂದ ನಡೆದು ಬಂದ ಉತ್ಸವ ಅದು. ಮರುವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಮುಂದಿನ ತಲೆಮಾರಿಗೆ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಕೊಜಿ ಕೊಂಡೊ ಬರೆದ ಮಾರಿಯೊ ರಾಗವನ್ನು ಸೇರಿಸಿತು. ಗೇಮ್ ಸಂಗೀತಕ್ಕೆ ಆ ಪಟ್ಟಿಯಲ್ಲಿ ಅದೇ ಮೊದಲ ಜಾಗ.

ಎಲ್ಲ ರಾಗವೂ ಆರ್ಕೆಸ್ಟ್ರಾಕ್ಕೆ ಒಗ್ಗುತ್ತದೆ ಅಂತ ನಾನು ಹೇಳುವುದಿಲ್ಲ. ಕಾಂಟ್ರಾದ ಮೊದಲ ಹಂತದ ರಾಗವನ್ನು ಯೂಟ್ಯೂಬಿನಲ್ಲಿ ಪಿಟೀಲುಗಳಲ್ಲಿ ಕೇಳಿದೆ. ಚೆನ್ನಾಗಿಯೇ ಇತ್ತು, ಆದರೆ ಕಚ್ಚಲಿಲ್ಲ. ಅದಕ್ಕೆ ಆ ಚಿಪ್‌ನ ಹರಕು ದನಿಯೇ ಬೇಕು. ಡೊಳ್ಳು ಬಾರಿಸುವುದನ್ನು ತಬಲದಲ್ಲಿ ಬಾರಿಸಿದಂತೆ ಆಗುತ್ತದೆ. ಚಿಪ್ ಕೂಡ ಒಂದು ವಾದ್ಯವೇ. ಡ್ರಾಗನ್ ಕ್ವೆಸ್ಟ್‌ನದು ಹಾಗಲ್ಲ, ಅದು ತವರಿಗೆ ಬಂದಂತೆ ಕೇಳುತ್ತದೆ.

ಸುಗಿಯಾಮರ ಬಗ್ಗೆ ಇನ್ನೊಂದು ಮಾತು ಹೇಳದೆ ಬಿಟ್ಟರೆ ಸುದ್ದಿಗಾರನ ಕೆಲಸ ಅರ್ಧವಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ಹೆಂಗಸರನ್ನು ಬಲವಂತವಾಗಿ ಲೈಂಗಿಕ ಗುಲಾಮಗಿರಿಗೆ ತಳ್ಳಿದ್ದನ್ನು ಅಲ್ಲಗಳೆಯುವ ಜಾಹೀರಾತು 2007ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಬಂತು. ಸಹಿ ಹಾಕಿದವರಲ್ಲಿ ಇವರೂ ಒಬ್ಬರು. ಚೀನಾದ ನಾನ್‌ಜಿಂಗ್ ಹತ್ಯಾಕಾಂಡವನ್ನೂ ಅವರು ಒಪ್ಪುತ್ತಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಅವರ ರಾಗ ಬಂದಾಗ ಇದನ್ನು ಎತ್ತಿ ಬೇಸರಪಟ್ಟವರು ಇದ್ದರು. ಆ ಬೇಸರ ಸರಿಯಾದದ್ದೇ. ರಾಗ ಕೇಳಿ ಬೆಳೆದ ಮಕ್ಕಳ ಪ್ರೀತಿಯೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೇಳುವುದು ಕಷ್ಟ, ನನಗೂ ಕಷ್ಟವಾಯಿತು. ಆ ಮೆರವಣಿಗೆ ಆಗಿ ಎರಡು ತಿಂಗಳಿಗೆ, 2021ರ ಸೆಪ್ಟೆಂಬರ್ 30ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ದೊಡ್ಡಪ್ಪನ ಮನೆಯ ಟಿವಿ ಗೇಮ್ ಅಟ್ಟ ಸೇರಿದ್ದು ಅಣ್ಣ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ ವರ್ಷ. ತಪ್ಪೆಲ್ಲ ಆ ಪೆಟ್ಟಿಗೆಯ ತಲೆಗೆ ಬಂತು. ದೊಡ್ಡಪ್ಪ ವೈರು ಕತ್ತರಿಸಿ, ಗೋಣಿಚೀಲದಲ್ಲಿ ಕಟ್ಟಿ ಮೇಲೆ ಎಸೆದರು. ಅಣ್ಣ ಓದು ಮುಂದುವರಿಸಲಿಲ್ಲ. ಈಗ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದಾನೆ, ತರಕಾರಿ ಲೋಡು ಹೊಡೆಯುತ್ತಾನೆ. ಆಟಕ್ಕೆ ಕಳೆದ ಹೊತ್ತೆಲ್ಲ ದಂಡ ಅಂತ ಅವನೂ ನಂಬಿಬಿಟ್ಟಿದ್ದಾನೆ. ಮಗ ಫೋನಿನಲ್ಲಿ ಗೇಮ್ ಹಾಕಿದರೆ ದೊಡ್ಡಪ್ಪನ ದನಿಯಲ್ಲೇ ಬೈಯುತ್ತಾನೆ.

ಈ ಲೇಖನ ಬರೆಯುವ ಹೊತ್ತಿಗೆ ಒಂದು ರಾತ್ರಿ ಜಗಲಿಯಲ್ಲಿ ಅವನ ಕೈಗೆ ಫೋನು ಕೊಟ್ಟೆ. ಆರ್ಕೆಸ್ಟ್ರಾದವರು ಮಾರಿಯೊ ರಾಗ ನುಡಿಸುವ ವಿಡಿಯೋ. "ಏನೋ ಇದು, ಇಷ್ಟೊಂದು ಜನ, ಕೋಟು ಹಾಕ್ಕೊಂಡು" ಅಂದ. ರಾಗ ಶುರುವಾಯಿತು. ಸುಮ್ಮನಾದ. ನಾನು ಅವನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಬಲಗೈ ಹೆಬ್ಬೆರಳು ಫೋನಿನ ಅಂಚಿನ ಮೇಲೆ ತಾಳಕ್ಕೆ ಸರಿಯಾಗಿ ಒತ್ತುತ್ತಿತ್ತು.

"ಇಲ್ಲೇ ನೋಡು ಹೊಂಡ ಬರೋದು," ಅಂದ. "ಇಲ್ಲಿ ನೀನು ಬೀಳ್ತಿದ್ದೆ."